ಹನ್ನೊಂದು ದಿನದ ಆತುರ

ಆಡಿಟರ್ ಮೇಜಿನ ಕ್ಯಾಲೆಂಡರ್ ಮೇಲೆ ಪೆನ್ನಿನ ತುದಿಯಿಂದ ಒಂದೊಂದೇ ದಿನ ಎಣಿಸಿ, "ಈ ಷೇರು ಇನ್ನು ಹನ್ನೊಂದೇ ದಿನ ಇಟ್ಕೊಂಡಿದ್ರೆ ವರ್ಷ ತುಂಬ್ತಿತ್ತು, ತೆರಿಗೆ ಎಷ್ಟೋ ಕಮ್ಮಿ ಆಗ್ತಿತ್ತು. ಮಾರೋಕೆ ಅಷ್ಟು ಆತುರ ಯಾರಿಗಿತ್ತು?" ಎಂದರು.

ಅಕ್ಕನ ಪಕ್ಕದಲ್ಲಿ ಕೂತಿದ್ದ ತಮ್ಮನ ಕಿವಿ ಬಿಸಿಯಾಯಿತು. ಹೊಲಿದು ಹೊಲಿದು ಉಳಿಸಿದ ದುಡ್ಡನ್ನು ಅಕ್ಕ ಅವನ ಕೈಗಿಟ್ಟು, "ಷೇರು ತಗೊಂಡು ಸುಮ್ನೆ ಬಿಟ್ಬಿಡೋ, ಮುಟ್ಟಬೇಡ" ಎಂದಿದ್ದಳು. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ಚಾಳಿಯವನ ಕೈ ಸುಮ್ಮನಿರಬೇಕಲ್ಲ. ತನ್ನ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡ ದಿನವೇ ಅಕ್ಕನ ಷೇರು ಮಾರಿ, ಊಟಕ್ಕೆ ಕೂತ ಮನೆಯವರೆಲ್ಲರ ಮುಂದೆ ಆ ಲಾಭ ಹೇಳಿಕೊಂಡು ಬೀಗಿದ್ದ.

"ಮಾರ್ಕೆಟ್ ಬೀಳೋ ಹಾಗಿತ್ತು ಸಾರ್" ಎಂಬ ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅಕ್ಕ, ಅಂಗಡಿಯಿಂದ ನೇರ ಬಂದವಳು, ಕೊರಳಲ್ಲೇ ಉಳಿದಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, "ಆತುರ ನನಗೇ ಸಾರ್. ಇವನು ಬೇಡ ಬೇಡ ಅಂದ, ನಾನೇ ಕೇಳಲಿಲ್ಲ" ಎಂದಳು.

ಆಡಿಟರ್ ತಮ್ಮನತ್ತ ಮೆಚ್ಚುಗೆಯಿಂದ ನೋಡಿದರು. "ಇನ್ಮೇಲಾದ್ರೂ ತಮ್ಮನ ಮಾತು ಕೇಳಿ ಅಮ್ಮಾ. ಅಲ್ವೇನಪ್ಪಾ?"

ಕ್ಯಾಲೆಂಡರಿನಿಂದ ಕಣ್ಣೆತ್ತದೆ ಅವನು "ಹೂಂ" ಎಂದ.