ಸುಡದೆ ಉಳಿಸಿದ ಗ್ಲೌಸು

ಒಮ್ಮೆ ತೊಟ್ಟ ಗ್ಲೌಸು ಆ ಕೈಯನ್ನು ಮರೆಯುವುದಿಲ್ಲ. ಬೇರೆಯವರು ತೊಟ್ಟರೆ ಅವರ ಕೈಗೂ ಮೊದಲಿನವರ ಚಾಳಿಯೇ ಬಂದುಬಿಡುತ್ತದೆ. ಅದಕ್ಕೇ ಹುಬ್ಬಳ್ಳಿಯ ಆ ಕಾರ್ ಪೇಂಟ್ ಶಾಪಿನಲ್ಲಿ ಎಲ್ಲರಿಗೂ ದಿನಾ ಹೊಸ ಜೊತೆ. ಸ್ಟೋರಿನ ಕಿಟಕಿಯಲ್ಲಿ ಕೂತು ಹಂಚುವವಳೂ ಕಸ್ತೂರಿಯೇ, ಸಂಜೆ ಹಳೆಯದನ್ನು ಬೆಂಕಿಗೆ ಹಾಕುವವಳೂ ಅವಳೇ.

ಒಂದು ಜೊತೆಯನ್ನು ಮಾತ್ರ ಅವಳು ಸುಟ್ಟಿರಲಿಲ್ಲ. ಇದೇ ಶಾಪಿನಲ್ಲಿ ಬಣ್ಣ ಹೊಡೆಯುತ್ತಿದ್ದ ಗಂಡ ವಿರೂಪಾಕ್ಷ ಸಾಯುವ ದಿನ ತೊಟ್ಟದ್ದು. ಯಾರಿಗೂ ಅನುಮಾನ ಬರದಂತೆ ಹೊಸ ಗ್ಲೌಸುಗಳ ಡಬ್ಬಿಯ ತಳದಲ್ಲೇ ಬಚ್ಚಿಟ್ಟಿದ್ದಳು. ಇವತ್ತು ಗಡಿಬಿಡಿಯಲ್ಲಿ ಅದನ್ನೇ ಪೇಂಟರ್ ಮೌಲಾಲಿಗೆ ಎತ್ತಿಕೊಟ್ಟಳು.

ಮೌಲಾಲಿ ಅದನ್ನು ತೊಟ್ಟು ಬಣ್ಣ ಹೊಡೆಯುವ ಬೂತಿನವರೆಗೂ ಹೋಗಲಿಲ್ಲ. ಅವನ ಬಲಗೈ ಕಿಟಕಿಯೊಳಗೆ ಚಾಚಿ, ಅವಳ ಹಣೆಗೆ ಬಿದ್ದಿದ್ದ ಕೂದಲನ್ನು ಮೆಲ್ಲಗೆ ಕಿವಿಯ ಹಿಂದೆ ಸರಿಸಿತು.

"ಅಕ್ಕಾರ, ದೇವರಾಣಿಗೂ ಇದ ನಾ ಅಲ್ರೀ!" ಎಂದು ಅವನು ಕೂಗಿದ.

"ಗೊತ್ತೈತೋ ತಮ್ಮಾ. ಒಂದೀಟ ತಡಿ."

ಕಸ್ತೂರಿ ಕಣ್ಣು ಮುಚ್ಚಿ ನಿಂತಳು. ಆಮೇಲೆ ಬೆಂಕಿಗೆ ಹಾಕಲೆಂದು ಅವನ ಕೈಯಿಂದ ಗ್ಲೌಸು ಕಳಚಲು ಹೋದಳು. ಆ ಬೆರಳುಗಳು ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡವು. ಒಂದೊಂದನ್ನೇ ಅವಳೇ ಬಿಡಿಸಬೇಕಾಯಿತು.