ತೊಂಬತ್ತೊಂದು ಅಂಕ

ಜಾರಿ ಬೀಳುವ ಸಂಭವಕ್ಕೆ ವಿಮಾ ಕಂಪನಿ ಕೊಡುವ ಅಂಕ ಎಂಬತ್ತು ದಾಟಿದ ಮುದುಕಿಯರನ್ನು ಕುರ್ಚಿಗೆ ಬೆಲ್ಟ್ ಬಿಗಿದು ಕೂರಿಸಲು ವಿಮೆಯವನು ಪ್ರತಿ ಸೋಮವಾರ ಬೆಟಗೇರಿಯ ನೇಕಾರರ ಓಣಿಗೆ ಬರುತ್ತಾನೆ. ಈ ವಾರ ನೀಲಗಂಗವ್ವನಿಗೆ ತೊಂಬತ್ತೊಂದು ಬಂದಿತ್ತು. ಅವನ ದನಿ ಕೇಳಿ ಆಕೆ ಮಗ್ಗದ ಕುಣಿಯಿಂದ ಸರಕ್ಕನೆ ಎದ್ದು ಬಂದಳು.

“ಎಲುವಿನ ಗುಳಿಗಿ, ತಲಿ ತಿರಗೋದಕ್ಕ ಗುಳಿಗಿ, ಎಲ್ಲಾ ನಿಮ್ಮ ವಿಮಾ ಕಾರ್ಡಿನ್ಯಾಗ ಅದಾವ್ರಿ,” ಎಂದ ಅವನು.

ಅವೆಲ್ಲ ನೆಗೆಣ್ಣಿ, ಮೈದುನನ ಹೆಂಡತಿ ಶಿವಲಿಂಗವ್ವ ನುಂಗಿದ ಗುಳಿಗೆಗಳು. ಆಕೆಗೆ ಕಾರ್ಡಿರಲಿಲ್ಲ; ನೀಲಗಂಗವ್ವ ತನ್ನ ಕಾರ್ಡಿನ ಮೇಲೆ ತಂದು ಕೊಡುತ್ತಿದ್ದಳು. ನಿಜ ಹೇಳಿದರೆ ನಾಳೆಯಿಂದ ಗುಳಿಗೆ ಬಂದ್. ನೀಲಗಂಗವ್ವ ತಾನೇ ಹೋಗಿ ಕುರ್ಚಿಯಲ್ಲಿ ಕೂತಳು.

ಬೆಲ್ಟ್ ಬಿಗಿದವನು, ಗೋಡೆ ಹಿಡಿದು ನಿಂತಿದ್ದ ಶಿವಲಿಂಗವ್ವನ ಮುಖಕ್ಕೆ ಫೋನು ಹಿಡಿದ. “ಇವರು ಒಂದ್ ಗುಳಿಗಿನೂ ತಗೊಂಡಿಲ್ಲ. ಸೊನ್ನಿ. ಅಮ್ಮಾ, ಏಣಿ ಹತ್ತಿ ಇವರನ್ನ ಕಾಯೋ ಈ ಕ್ಯಾಮೆರಾ ತೊಲಿಗೆ ಸಿಗಸ್ರಿ. ಸೊನ್ನಿ ಇದ್ದವರಽ ಹತ್ತಬೇಕಂತ ರೂಲ್ಸ್ ಐತಿ.”

“ನಿನಗ ಕಾಲಿಲ್ಲೇನು? ನೀ ಹತ್ತು,” ಎಂದಳು ನೀಲಗಂಗವ್ವ.

“ನಂದು ಹನ್ನೆರಡು ಐತ್ರಿ.”

ಎರಡನೆಯ ಮೆಟ್ಟಿಲಲ್ಲಿ ಶಿವಲಿಂಗವ್ವನ ಕಾಲು ನಡುಗಿತು. ಹಿಡಿಯಲೆಂದು ನೀಲಗಂಗವ್ವ ಕುರ್ಚಿಯ ಸಮೇತ ಎದ್ದು ನುಗ್ಗಿದಳು, ಮುಗ್ಗರಿಸಿ ಕುರ್ಚಿಯೊಂದಿಗೇ ನೆಲಕ್ಕೆ ಬಿದ್ದಳು.

ವಿಮೆಯವನು ಮೊದಲು ಫೋಟೊ ತೆಗೆದ.

“ನೋಡಿದ್ರಿ? ತೊಂಬತ್ತೊಂದು ಅಂದ್ರ ತೊಂಬತ್ತೊಂದ.”