ದಾರಿಗೆ ಸುರಿದ ಚರಟ

ಯೂಮೇ ಕಷಾಯದ ಚರಟವನ್ನು ಓಣಿಯ ನಡುವೆ ಸುರಿದು ಮಡಕೆ ಕೊಡವುತ್ತಿದ್ದಾಗ ಮುದುಕ ನಿಯೆ ಅಲ್ಲಿಗೆ ಬಂದ. ಮದ್ದು ಕುದಿಸಿದ ಚರಟವನ್ನು ದಾರಿಗೆ ಹಾಕಿದರೆ ರೋಗ ತುಳಿದವರ ಕಾಲಿಗೆ ಅಂಟಿ ಮನೆಬಿಟ್ಟು ಹೋಗುತ್ತದೆಂದು ಜಾಂಗ್‌ಶು ಊರಿನ ನಂಬಿಕೆ. ಕಂಡವರು ತುಳಿಯದೆ ಸುತ್ತಿ ಬಳಸಿ ಹೋಗುತ್ತಾರೆ. ನಲವತ್ತು ವರ್ಷ ಮದ್ದಿನಂಗಡಿಯಲ್ಲಿ ತಕ್ಕಡಿ ಹಿಡಿದ ನಿಯೆ ಮಾತ್ರ ಕುಕ್ಕರುಗಾಲಲ್ಲಿ ಕೂತು ಕೆದಕುವವನು. ಬಾಯಿ ಸುಳ್ಳು ಹೇಳಬಹುದು, ಚರಟ ಹೇಳದು ಎನ್ನುತ್ತಿದ್ದ.

ಯೂಮೇಯ ಗಂಡ ಬೋಶಾನ್ ಕುಂಚ ಕಟ್ಟುವವನು. ಮೇಕೆಯ ಕೂದಲನ್ನು ಒಂದೊಂದಾಗಿ ಆರಿಸುತ್ತಿದ್ದ ಕೈ ಅದು. ಈಗ ಬಟ್ಟಲು ಹಿಡಿದರೆ ಅರ್ಧ ಅನ್ನ ನೆಲದ ಪಾಲು. ಮೂರು ತಿಂಗಳು ಕಷಾಯ ಕುಡಿದರೂ ನಡುಕ ಏರಿತೇ ಹೊರತು ನಿಂತಲ್ಲಿ ನಿಲ್ಲಲಿಲ್ಲ. ನಿಯೆಗೆ ಮೊದಲು ಸಿಟ್ಟು ಬಂದದ್ದು ಯೂಮೇಯ ಮೇಲೆಯೇ. ನಡುಕ ಇಳಿಸುವ ಕೊಕ್ಕೆಬಳ್ಳಿಯನ್ನು ಕಡೆಗೆ ಹಾಕಬೇಕು, ಹೆಚ್ಚು ಕುದಿದರೆ ಸತ್ವ ಸತ್ತುಹೋಗುತ್ತದೆ, ಎಷ್ಟು ಸಲ ಬಡಕೊಳ್ಳಲಿ ಎಂದು ಗದರಿದ.

"ಗಡಿಯಾರ ಮುಂದಿಟ್ಕೊಂಡೇ ಕುದಿಸ್ತೀನಿ ಅಣ್ಣ. ಕಡೇ ಹತ್ತು ನಿಮಿಷದವರೆಗೂ ಅದನ್ನ ಮುಟ್ಟೋದೂ ಇಲ್ಲ," ಎಂದಳು ಯೂಮೇ. "ಮದ್ದು ಕ್ವಾಂಗ್ ಅಂಗಡೀಲಿ ಕಣ್ಮುಚ್ಕೊಂಡು ತಗೋ ಅಂತ ನೀವೇ ಹೇಳಿದ್ರಿ. ಹಾಗೇ ತಗೊಂಡೆ."

ನಿಯೆ ಚರಟವನ್ನು ಬೆರಳಲ್ಲಿ ಹರಡಿದ. ಬಳ್ಳಿಯ ಕಡ್ಡಿಗಳಿದ್ದವು. ಬೆಕ್ಕಿನುಗುರಿನಂತೆ ಬಾಗಿದ ಕೊಕ್ಕೆ ಒಂದೂ ಇರಲಿಲ್ಲ, ಗೆಣ್ಣುಗೆಣ್ಣಿನಲ್ಲೂ ಅದನ್ನು ಕತ್ತರಿಸಿದ ಗುರುತಿತ್ತು. ಆ ಕೊಕ್ಕೆಗಾಗಿಯೇ ಬಳ್ಳಿಗೆ ಬೆಲೆ. ಮುದುಕನ ಮೈಯೆಲ್ಲ ಉರಿದುಹೋಯಿತು. ಕಣ್ಣು ಮುಚ್ಚಿಕೋ ಎಂದವನು ತಾನೇ, ಕ್ವಾಂಗ್‌ಗೆ ತಕ್ಕಡಿ ಹಿಡಿಯಲು ಕಲಿಸಿದವನೂ ತಾನೇ. ಚರಟವನ್ನು ಬಾಚಿ ಅದೇ ಮಡಕೆಗೆ ತುಂಬಿಕೊಂಡು ಹೊರಟ.

ಕ್ವಾಂಗ್‌ನ ಅಂಗಡಿಯ ಗೋಡೆಯಲ್ಲಿ ಗಾಜಿನ ಚೌಕಟ್ಟು ಹಾಕಿಸಿದ ಪತ್ರಿಕೆಯ ತುಣುಕೊಂದು ತೂಗುತ್ತಿತ್ತು. ಕೊಕ್ಕೆಬಳ್ಳಿಯ ಸತ್ವ ಮಿದುಳಿನ ನರಕೋಶಗಳನ್ನು ಸಾಯದಂತೆ ಕಾಪಾಡಬಹುದೆಂಬ ಸುದ್ದಿ, ಜೊತೆಗೊಂದು ಬಿಳಿ ಇಲಿಯ ಚಿತ್ರ. ನಿಯೆ ಮಡಕೆಯನ್ನು ಮೇಜಿಗೆ ಕುಕ್ಕಿ, ಕೊಕ್ಕೆ ಎಲ್ಲಿ ಎಂದು ಕೇಳಿದ. ಕ್ವಾಂಗ್ ಮೊದಲು ಚಹಾ ಬಗ್ಗಿಸಿದ, ಆಮೇಲೆ ಹಲ್ಲು ಕಿರಿದ, ಆಮೇಲೆ ಬಾಯಿಬಿಟ್ಟ. ಈ ಸುದ್ದಿ ಬಂದಮೇಲೆ ಮಾತ್ರೆ ಕಾರ್ಖಾನೆಯವರು ಕೊಕ್ಕೆಯನ್ನು ಮೂಟೆಗಟ್ಟಲೆ ಒಯ್ಯುತ್ತಾರೆ, ಉಳಿದ ಕಡ್ಡಿ ಅಂಗಡಿಗೆ.

"ಕಡ್ಡೀಲೂ ಸ್ವಲ್ಪ ಸತ್ವ ಇದೆಯಂತೆ ಗುರುಗಳೇ. ಓದಿದೋರೇ ಹೇಳಿದಾರೆ."

"ಅಲ್ಲಯ್ಯ, ಗೋಡೆ ಮೇಲಿರೋ ಇಲಿಗೆ ಕಡ್ಡಿ ತಿನ್ನಿಸಿದ್ರಾ, ಕೊಕ್ಕೆ ತಿನ್ನಿಸಿದ್ರಾ?"

"ಕೊಕ್ಕೆ."

"ಹಾಗಾದ್ರೆ ಬೋಶಾನ್ ಇಲಿಗಿಂತ ಕಡೆಯಾದ್ನಾ?"

ಕ್ವಾಂಗ್ ತಲೆ ತಗ್ಗಿಸಿದ. ಇನ್ನು ಮೇಲೆ ಅವರಿಗೆ ಕೊಕ್ಕೆಯನ್ನೇ ಕೊಡುತ್ತೇನೆ ಎಂದು ಗೊಣಗಿದ.

"ಮೂರು ತಿಂಗಳಲ್ಲಿ ಸತ್ತ ನರಾನ ಯಾವ ಮೂಟೆಯಿಂದ ತೆಗೆದುಕೊಡ್ತೀಯ?"

ನಿಯೆ ಮಡಕೆ ಎತ್ತಿಕೊಂಡು ಹೋಗಿ ಒಳಗೆ ನಿಂತೇ ಚರಟವನ್ನೆಲ್ಲ ಅಂಗಡಿಯ ಹೊಸ್ತಿಲಿನುದ್ದಕ್ಕೂ ಸುರಿದ. ಔಷಧಿ ಚೀಟಿ ಹಿಡಿದು ಬರುತ್ತಿದ್ದ ಇಬ್ಬರು ಹೆಂಗಸರು ನೋಡಿದವರೇ ಹೆಜ್ಜೆ ಹಿಂದಿಟ್ಟು, ಎದುರಿನ ಅಂಗಡಿಗೆ ತಿರುಗಿದರು. ಕ್ವಾಂಗ್ ಪೊರಕೆ ಹಿಡಿದು ಓಡಿಬಂದ, ಆದರೆ ಒದ್ದೆ ಚರಟದ ಹತ್ತಿರ ಬರುತ್ತಲೇ ಅವನ ಕಾಲು ತಾನಾಗಿ ನಿಂತಿತು. ಆ ಅಂಗಡಿಗೆ ಇದ್ದದ್ದು ಒಂದೇ ಬಾಗಿಲು.

ಅಷ್ಟರಲ್ಲಿ ನಿಯೆ ಹಿಂದಕ್ಕೆ ತಿರುಗಿ, ಕಾರ್ಖಾನೆಗೆಂದು ಬಾಯಿ ಕಟ್ಟಿಟ್ಟಿದ್ದ ಮೂಟೆ ಬಿಚ್ಚಿ, ಖಾಲಿ ಮಡಕೆಯ ತುಂಬ ಕೊಕ್ಕೆ ತುಂಬಿಕೊಂಡ. ಕೊಕ್ಕೆಗಳು ಅಂಗೈಗೆ ಚುಚ್ಚಿದರೂ ಲೆಕ್ಕಿಸಲಿಲ್ಲ. ಕ್ವಾಂಗ್‌ನನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಬಂದ. ದಾಟಿಹೋಗಬಹುದಿತ್ತು, ದಾಟಲಿಲ್ಲ. ತೆಳು ಬಟ್ಟೆಯ ಚಪ್ಪಲಿಯಲ್ಲಿ ಎರಡೂ ಪಾದ ಚರಟದ ಮೇಲೂರಿ ನಿಂತ. ಬಟ್ಟೆ ನೆಂದು ಕಂದಾಯಿತು.

"ನಿನ್ನ ನಂಬು ಅಂದೋನು ನಾನು. ನನ್ನ ಪಾಲು ನನ್ನ ಕಾಲಿಗೆ ತಗೊಂಡೆ," ಎಂದ. "ನಿನ್ನದು ಇಲ್ಲೇ ಇದೆ. ಮನೆಗೆ ಹೋಗುವಾಗ ತಗೊಂಡು ಹೋಗು."